ಚಕ್ರಕ್ಕೆ ನೆನಪಿಲ್ಲ

ತಿಳಿಸಿ ಹೇಳಿದರೆ ಯಾರಾದರೂ ದಾರಿಗೆ ಬರುತ್ತಾರೆ ಎಂಬುದು ವಿದ್ಯಾಳ ನಂಬಿಕೆ. ಸವಣೂರಿನ ಒಂದು ಪ್ರೌಢಶಾಲೆಯಲ್ಲಿ ಅವಳು ಗಣಿತ ಕಲಿಸುತ್ತಾಳೆ. ಈ ನಂಬಿಕೆ ಇಲ್ಲದವರು ಆ ಕೆಲಸದಲ್ಲಿ ಬಹಳ ದಿನ ಬಾಳುವುದಿಲ್ಲ. ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನವರು ವರ್ಷ ವರ್ಷವೂ ಆ ನಂಬಿಕೆಯನ್ನು ಸುಳ್ಳು ಮಾಡುತ್ತ ಬಂದರೂ ಅವಳು ಮಣಿದಿರಲಿಲ್ಲ. ಹುಡುಗರಿಗೆ ಅರ್ಥವಾಗದಿದ್ದರೆ ಅದು ಹೇಳಿದವರ ತಪ್ಪು, ಬೇರೆ ರೀತಿಯಲ್ಲಿ ಇನ್ನೊಮ್ಮೆ ಹೇಳಬೇಕು, ಅಷ್ಟೇ ಎನ್ನುತ್ತಿದ್ದಳು. ಇಂಥವರಿಗೆ ದೇವರು ಹುಡುಕಿ ಹುಡುಕಿ ಒಬ್ಬ ತಮ್ಮನನ್ನು ಕೊಟ್ಟಿರುತ್ತಾನೆ.

ತಮ್ಮನ ಹೆಸರು ಅಂಬರೀಶ. ತವರೂರಾದ ತಡಸದಲ್ಲಿ ತಾಯಿ ಭರಮವ್ವನ ಜೊತೆಗಿದ್ದ. ಸ್ವಂತದ್ದೊಂದು ಸಣ್ಣ ಸರಕಿನ ಗಾಡಿ ಇತ್ತು. ಸವಣೂರಿನ ತೋಟಗಳಲ್ಲಿ ವೀಳ್ಯದೆಲೆ ತುಂಬಿಕೊಂಡು, ಒದ್ದೆ ಗೋಣಿ ಹೊದಿಸಿ, ಎಲೆ ಬಾಡುವ ಮೊದಲೇ ಗೋವಾಕ್ಕೆ ಮುಟ್ಟಿಸುವುದು ಅವನ ಉದ್ಯೋಗ. ಆ ಉದ್ಯೋಗದಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪು ಇದ್ದದ್ದು ಪಣಜಿಯ ನದಿಯಲ್ಲಿ. ಅಲ್ಲಿ ಎಲ್ಲಿಗೂ ಹೋಗದ ಜೂಜಿನ ಹಡಗೊಂದು ಮೈತುಂಬ ದೀಪ ಹಚ್ಚಿಕೊಂಡು ನಿಂತಿರುತ್ತಿತ್ತು. ಎಲೆ ವ್ಯಾಪಾರಿಯೊಬ್ಬ, ಹುಡುಗ ನೋಡಿಕೊಂಡು ಬರಲಿ ಎಂದು, ಒಮ್ಮೆ ಅವನನ್ನು ಅದರೊಳಗೆ ಕರೆದೊಯ್ದ.

ಆ ಮೊದಲ ದಿನವೇ ಅಂಬರೀಶ ಗೆದ್ದದ್ದು ಮನೆತನದ ದುರ್ದೈವ. ಗೆದ್ದ ದುಡ್ಡಿನಲ್ಲಿ ಅವ್ವನಿಗೆ ಬಟ್ಟೆ ತೊಳೆಯುವ ಮಷೀನು ತಂದ. ಭರಮವ್ವ ಅದಕ್ಕೆ ಕುಂಕುಮ ಹಚ್ಚಿ, ಒಳಗೆ ಕೌದಿಗಳನ್ನು ಮಡಚಿಟ್ಟು, ಬಟ್ಟೆಯನ್ನು ಎಂದಿನಂತೆ ಕಲ್ಲಿನ ಮೇಲೆಯೇ ಒಗೆದಳು. ಅಲ್ಲಿಂದಾಚೆಗೆ ಅವನು ಎಷ್ಟು ಸಲ ಸೋತನೋ ಯಾರಿಗೂ ನೆನಪಿಲ್ಲ. ಮಷೀನು ಮಾತ್ರ ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವಂತೆ ಕೂತಿತ್ತು. ಬಂದವರೆಲ್ಲ ಅದನ್ನು ನೋಡಿ ಹುಡುಗನ ಕೈಗುಣ ಹೊಗಳಿ ಹೋಗುತ್ತಿದ್ದರು.

ಅಂಬರೀಶ ದಡ್ಡನಲ್ಲ. ಅದೇ ತೊಂದರೆ. ದಡ್ಡನಾಗಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಾಗುತ್ತಿದ್ದ. ಇವನ ಹತ್ತಿರ ಒಂದು ಸಿದ್ಧಾಂತವಿತ್ತು. ಹಡಗಿನವರು ತಿರುಗಿಸುವ ಕೆಂಪು ಕಪ್ಪು ಮನೆಗಳ ಚಕ್ರದಲ್ಲಿ ಐದು ಸಲ ಕೆಂಪು ಬಂದರೆ ಆರನೆಯದು ಕಪ್ಪು ಬರಲೇಬೇಕು, ಏಕೆಂದರೆ ಕಪ್ಪಿನ ಪಾಳಿ ಬಾಕಿ ಇದೆ. ಸೋತಾಗೆಲ್ಲ ಪಣ ಇಮ್ಮಡಿ ಮಾಡುತ್ತ ಹೋದರೆ ಒಂದಲ್ಲ ಒಂದು ಸಲ ಎಲ್ಲವೂ ವಾಪಸು ಬರುತ್ತದೆ. ಹೀಗೆ ಅವನು ಲೆಕ್ಕಾಚಾರ ಮಾಡಿಯೇ ಸೋಲುತ್ತಿದ್ದ. ಎಲೆ ಇಳಿಸಿದ ಗಾಡಿಯೂ ಖಾಲಿ, ಹಡಗು ಇಳಿದ ಕಿಸೆಯೂ ಖಾಲಿ.

ಅದನ್ನೂ ವಿದ್ಯಾ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಹೋದ ವರ್ಷದ ನಾಗರ ಪಂಚಮಿಯ ಸಂಗತಿಯನ್ನು ನುಂಗುವುದು ಆಗಲಿಲ್ಲ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತವರಿಗೆ ತಾನಾಗಿ ಹೋಗುವುದಿಲ್ಲ. ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು. ಸವಣೂರಿನಿಂದ ತಡಸಕ್ಕೆ ಬಸ್ಸಿದೆ, ವಿದ್ಯಾಳಿಗೆ ಕಾಲಿದೆ, ಸಂಬಳವಿದೆ. ಅದೆಲ್ಲ ಬೇರೆ ಮಾತು. ಕರೆಯಲು ಬರುವವನು ಬರಬೇಕು. ಅವಳು ಹೊಸ ಇಳಕಲ್ ಸೀರೆ ಉಟ್ಟು, ಚೀಲ ತುಂಬಿಕೊಂಡು, ಹೊರಗಿನ ಕಟ್ಟೆಯ ಮೇಲೆ ಕೂತೇ ಕೂತಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಅಣ್ಣಂದಿರ ಬೈಕು ಹತ್ತಿ ಹೋದರು. ಗಂಡ ಹಿರೇಕೆರೂರಿನಲ್ಲಿ ನೌಕರಿ ಮಾಡುವವನು. ತಮ್ಮ ಬಂದನೇ ಎಂದು ಫೋನಿನಲ್ಲೇ ಎರಡು ಸಲ ಕೇಳಿ, ಆಮೇಲೆ ಕೇಳುವ ಧೈರ್ಯ ಮಾಡಲಿಲ್ಲ. ಸಂಜೆ ತಮ್ಮನ ಕರೆ ಬಂತು. ಗಾಡಿ ಕೆಟ್ಟಿದೆ ಎಂದ. ಅವನ ದನಿಯ ಹಿಂದೆ ಹಡಗಿನ ಬ್ಯಾಂಡಿನವರು ಬಾರಿಸುತ್ತಿದ್ದರು.

ವಿದ್ಯಾ ಅತ್ತಳು. ಅತ್ತದ್ದಕ್ಕೆ ಸಿಟ್ಟೂ ಬಂತು. ಆ ಸಿಟ್ಟಿನಲ್ಲೇ, "ನೀ ಆ ಆಟಾ ಬಿಡೂತನಕಾ ನಾ ತಡಸದ ಹೊಸ್ತಿಲಾ ತುಳಿಯಾಂಗಿಲ್ಲ" ಎಂದು ಹೇಳಿ ಫೋನು ಇಟ್ಟಳು. ಹೇಳಿದ ಮೇಲೆ ಗೊತ್ತಾಯಿತು, ಶಿಕ್ಷೆ ಕೊಟ್ಟದ್ದು ಯಾರಿಗೆ ಎಂದು. ತವರೆಂದರೆ ಉಳಿದಿದ್ದದ್ದು ಅವನೊಬ್ಬ, ಅವ್ವ ಒಬ್ಬಳು.

ಆದರೂ ಅವಳು ಟೀಚರು. ಬಯ್ದು ಆಯಿತು, ಅತ್ತು ಆಯಿತು, ಇನ್ನು ಬೇರೆ ರೀತಿಯಲ್ಲಿ ಹೇಳಬೇಕು. ಶಾಲೆಯ ಪಕ್ಕದಲ್ಲೇ ಗೌಸಸಾಬನ ಸೈಕಲ್ ರಿಪೇರಿ ಅಂಗಡಿ. ಅವನ ಹತ್ತಿರ ಹಳೆಯ ಸೈಕಲ್ಲಿನ ಮುಂದಿನ ಗಾಲಿಯೊಂದನ್ನು ಕೇಳಿದಳು. ಯಾಕೆ ಎಂದು ಅವನು ಕೇಳಿದ, ಪಾಠಕ್ಕೆ ಎಂದಳು. ಗಾಲಿಯಲ್ಲಿ ಮೂವತ್ತೆರಡು ಕಡ್ಡಿ, ಕಡ್ಡಿಗಳ ನಡುವೆ ಮೂವತ್ತೆರಡು ಮನೆ. ಹದಿನೈದು ಮನೆಗೆ ಕೆಂಪು ಕಾಗದ ಅಂಟಿಸಿದಳು, ಹದಿನೈದಕ್ಕೆ ಕಪ್ಪು, ಉಳಿದೆರಡಕ್ಕೆ ಹಸಿರು. ಗೌಸಸಾಬ ಒಂದು ಹಲಗೆಗೆ ಅದನ್ನು ಕೂಡಿಸಿ, ಕಡ್ಡಿಗೆ ತಾಕುವಂತೆ ಪ್ಲಾಸ್ಟಿಕ್ಕಿನ ತುಂಡೊಂದನ್ನು ಸಿಕ್ಕಿಸಿಕೊಟ್ಟ. ತಿರುಗಿಸಿದರೆ ಟರ್ರೆಂದು ಸದ್ದು ಮಾಡಿ, ನಿಧಾನವಾಗಿ, ಟಕ್ ಟಕ್ ಎನ್ನುತ್ತ ನಿಲ್ಲುತ್ತಿತ್ತು. ನೋಡಿದವರಿಗೆ ಇನ್ನೊಮ್ಮೆ ತಿರುಗಿಸಬೇಕು ಅನಿಸುವಂಥ ಸದ್ದು.

ಎಲೆ ತುಂಬಲು ಸವಣೂರಿಗೆ ಬಂದಾಗಲೆಲ್ಲ ಅಂಬರೀಶ ಅಕ್ಕನ ಹಿತ್ತಲಲ್ಲಿ ಕೂತು ಪಾಠ ಹೇಳಿಸಿಕೊಳ್ಳಬೇಕಾಯಿತು. ತಪ್ಪು ಮಾಡಿದ ತಮ್ಮನಿಗೆ ಬೇರೆ ದಾರಿ ಇರಲಿಲ್ಲ. ಪಣಕ್ಕೆ ಹುಣಸೆ ಬೀಜ. ಕೆಂಪಿಗೋ ಕಪ್ಪಿಗೋ ಇಡುವುದು. ಬಂದರೆ ಒಂದಕ್ಕೆ ಇನ್ನೊಂದು ಸೇರಿ ವಾಪಸು, ಬಾರದಿದ್ದರೆ ಇಟ್ಟದ್ದು ಅಕ್ಕನಿಗೆ. ಹಸಿರು ಬಂದರೆ ಯಾವುದಕ್ಕೆ ಇಟ್ಟಿದ್ದರೂ ಅಕ್ಕನಿಗೆ. ಮೊದಮೊದಲು ಅವನು ಗೆದ್ದ, ಹುಣಸೆ ಬೀಜಕ್ಕೂ ಮೀಸೆ ತಿರುವಿದ. ಅವಳು ಒಂದು ಮಾತೂ ಆಡದೆ ತಿರುಗಿಸುತ್ತಲೇ ಹೋದಳು. ವಾರಗಳು ಕಳೆದಂತೆ ಬೀಜದ ರಾಶಿ ಅವನ ಮೊಣಕಾಲ ಬಳಿಯಿಂದ ಅವಳ ಮೊಣಕಾಲ ಬಳಿಗೆ ಸರಿಯಿತು. ಯಾವ ದಿನ ಸರಿಯಿತು ಎಂದು ಬೆರಳಿಟ್ಟು ತೋರಿಸುವಂತಿರಲಿಲ್ಲ. ಗೆದ್ದ ದಿನಗಳೂ ಇದ್ದವು, ಆದರೂ ರಾಶಿ ಸರಿದಿತ್ತು.

ಐದು ಕೆಂಪಾದ ಮೇಲೆ ಕಪ್ಪಿಗೆ ಹಿಡಿದು ಸೋತು ಅವನು ಚಕ್ರವನ್ನೇ ಬಯ್ದಾಗ ಅವಳು ಬಾಯಿ ಬಿಟ್ಟಳು.

"ಚಕ್ರಕ್ಕ ನೆನಪಿಲ್ಲೋ ತಮ್ಮಾ. ಹಿಂದಿನ ಸಲ ಏನ ಬಂದಿತ್ತಂತ ಅದಕ್ಕೇನ ಗೊತ್ತೈತಿ? ನೆನಪ ಇಟ್ಕೊಂಡಾಂವ ನೀನು."

ಆಮೇಲೆ ಹಸಿರಿನ ಗುಟ್ಟು ಹೇಳಿದಳು. ಮೂವತ್ತೆರಡರಲ್ಲಿ ಎರಡು, ಅಂದರೆ ಹದಿನಾರರಲ್ಲಿ ಒಂದು. ಹದಿನಾರು ಬೀಜ ಇಟ್ಟರೆ ಸರಾಸರಿ ಒಂದು ಬೀಜ ಆಡಿಸುವವನ ಹತ್ತಿರ ಉಳಿಯುತ್ತದೆ. ಇವತ್ತು ಉಳಿಯದಿರಬಹುದು, ನಾಳೆಯೂ ಉಳಿಯದಿರಬಹುದು; ಆಟ ನಡೆಯುತ್ತಿದ್ದರೆ ಉಳಿದೇ ಉಳಿಯುತ್ತದೆ. ಹಡಗಿನವನು ಮೋಸ ಮಾಡಬೇಕಾಗಿಯೇ ಇಲ್ಲ. ಅವನು ಕಾಯ್ದರೆ ಸಾಕು.

ಅಂಬರೀಶ ಆ ಎರಡು ಹಸಿರು ಮನೆಗಳ ಮೇಲೆ ಬೆರಳಾಡಿಸಿದ. "ಅಂದ್ರ ಅಕ್ಕ, ಚಕ್ರ ತಿರುಗಸಾಂವ ದಿನಾ ಗೆಲ್ಲಬೇಕಂತಿಲ್ಲ. ಸುಮ್ನ ಕುಂತಿದ್ರ ಸಾಕು, ತಾನ ಬರ್ತೈತಿ. ಹೌದಿಲ್ಲೋ?"

ವಿದ್ಯಾಳ ಕಣ್ಣುಗಳು ತುಂಬಿ ಬಂದವು. ಇಷ್ಟು ವರ್ಷದ ನೌಕರಿಯಲ್ಲಿ ಒಬ್ಬನೇ ಒಬ್ಬ ವಿದ್ಯಾರ್ಥಿ ಪಾಠದ ತಿರುಳನ್ನು ಹೀಗೆ ತನ್ನ ಮಾತಿನಲ್ಲಿ ವಾಪಸು ಹೇಳಿರಲಿಲ್ಲ. ಹೌದು ಎಂದಳು. ಅಂಬರೀಶ ಕಿಸೆಯಿಂದ ಹಡಗಿನವರು ಕೊಟ್ಟ ಕಾರ್ಡು ತೆಗೆದು ಹಿತ್ತಲ ಒಲೆಗೆ ಹಾಕಿದ. ಇನ್ನು ಮುಂದೆ ಒಂದು ಪೈಸೆ ಪಣಕ್ಕಿಡುವುದಿಲ್ಲ ಎಂದು ಅಕ್ಕನ ಕೈಮುಟ್ಟಿ ಆಣೆ ಮಾಡಿದ. ಹೋಗುವಾಗ, ನೆನಪಿಗೆ ಇರಲಿ, ಈ ಚಕ್ರ ನನಗೆ ಕೊಡು ಎಂದು ಕೇಳಿದ. ಅವಳು ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟಳು. ಅವನು ಕೇಳಿದ ಪ್ರಶ್ನೆಯನ್ನು ಅವಳು ಇನ್ನೊಮ್ಮೆ ಮನಸ್ಸಿನಲ್ಲಿ ಓದಿಕೊಂಡಿದ್ದರೆ ಕೊಡುತ್ತಿರಲಿಲ್ಲ. ಆದರೆ ಪೂರ್ತಿ ಅಂಕ ಬಂದ ಉತ್ತರಪತ್ರಿಕೆಯನ್ನು ಯಾರು ಎರಡನೆಯ ಸಲ ತಿದ್ದುತ್ತಾರೆ?

ಈ ವರ್ಷ ಪಂಚಮಿಗೆ ಅಂಬರೀಶ ಹಬ್ಬದ ಮುಂಜಾನೆಯೇ ಬಂದು ಬಾಗಿಲಲ್ಲಿ ನಿಂತ. ಅಕ್ಕನಿಗೆ ಸೀರೆ ತಂದಿದ್ದ, ಅದೂ ಒಳ್ಳೆಯ ಸೀರೆ. ವಿದ್ಯಾ ಗಾಡಿಯ ಮುಂದಿನ ಸೀಟಿನಲ್ಲಿ ಕೂತು, ಓಣಿಯ ಹೆಂಗಸರು ನೋಡಲಿ ಎಂದು ಗಾಜು ಇಳಿಸಿದಳು. ದಾರಿಯುದ್ದಕ್ಕೂ ತಮ್ಮ ಶಿಳ್ಳೆ ಹಾಕುತ್ತಿದ್ದ. ಮುಖ ತಿಳಿಯಾಗಿತ್ತು. ಶಿಗ್ಗಾವಿ ದಾಟುವಾಗ ಅವಳಿಗೆ ತನ್ನ ಬಗ್ಗೆಯೇ ಸಣ್ಣ ಹೆಮ್ಮೆ ಎನಿಸಿತು. ತವರಿನ ಹೊಸ್ತಿಲನ್ನು ಗಣಿತದಿಂದ ಗೆದ್ದ ಹೆಣ್ಣುಮಗಳು ಈ ಜಿಲ್ಲೆಯಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಂಡಳು.

ಮನೆಯಲ್ಲಿ ಅವ್ವ ಇರಲಿಲ್ಲ. ಉಂಡಿ ಕಟ್ಟಲು ತುರಿಯಬೇಕಾದ ಕೊಬ್ಬರಿಯೂ ಇರಲಿಲ್ಲ. ತುರಿಮಣೆ ಮಾತ್ರ ಅಡುಗೆಮನೆಯ ನಡುವೆ ಕಾದು ಕೂತಿತ್ತು. ಅಂಬರೀಶ ಈಗ ಬಂದೆ ಎಂದು ಗಾಡಿ ತೆಗೆದುಕೊಂಡು ಹೋದ. ವಿದ್ಯಾ ಕೈಕಾಲು ತೊಳೆದು, ನಾಗಪ್ಪನಿಗೆ ಹಾಲೆರೆದು ಬರುವಷ್ಟರಲ್ಲಿ ಹನುಮಂತದೇವರ ಗುಡಿಯ ಕಡೆಯಿಂದ ಒಂದು ಸದ್ದು ಕೇಳಿಸಿತು. ಟರ್ರ್. ಆಮೇಲೆ ಟಕ್, ಟಕ್, ಟಕ್. ಆಮೇಲೆ ಜನರ ಕೂಗು.

ಪಂಚಮಿಯಲ್ಲಿ ತೆಂಗಿನಕಾಯಿ ಪಣಕ್ಕಿಟ್ಟು ಆಡುವುದು ನಮ್ಮ ಕಡೆ ಮೊದಲಿನಿಂದ ಇದೆ. ನಿಂಬೆಹಣ್ಣು ಎಷ್ಟು ದೂರ ಎಸೆಯುತ್ತೀ, ಕಣ್ಣು ಕಟ್ಟಿಕೊಂಡು ಬೇವಿನ ಗಿಡ ಮುಟ್ಟುತ್ತೀಯಾ, ಎಲ್ಲಕ್ಕೂ ಕಾಯಿ ಕಟ್ಟುತ್ತಾರೆ. ಅದನ್ನು ಜೂಜು ಎಂದವರನ್ನು ನೋಡಿ ಊರು ನಗುತ್ತದೆ. ದುಡ್ಡಿಟ್ಟರೆ ಜೂಜು, ಕಾಯಿ ಇಟ್ಟರೆ ಹಬ್ಬ. ಅಂಬರೀಶ ತನ್ನ ಗಾಡಿಯ ಹಿಂಬದಿಯಲ್ಲಿ ಚಕ್ರವನ್ನು ನಿಲ್ಲಿಸಿ, ಹಬ್ಬ ಮಾಡುತ್ತಿದ್ದ. ಪಕ್ಕದಲ್ಲಿ ಬಂಕಾಪುರದ ಕಾಯಿ ವ್ಯಾಪಾರಿ ಮೆಹಬೂಬ ಚೀಲಗಳ ನಡುವೆ, ಚಕ್ರಕ್ಕೆ ಬೆನ್ನು ಹಾಕಿ ಕೂತಿದ್ದ. ಬೇಕಾದವರಿಗೆ ಕಾಯಿ ಮಾರುತ್ತಿದ್ದ, ಗೆದ್ದವರಿಂದ ಸ್ವಲ್ಪ ಕಡಿಮೆಗೆ ವಾಪಸು ಕೊಳ್ಳುತ್ತಿದ್ದ. ತನ್ನದು ಬರೀ ಕಾಯಿ ವ್ಯಾಪಾರ, ಹಿಂದೆ ಏನು ನಡೆದಿದೆಯೋ ತಾನು ತಿರುಗಿ ನೋಡಿದವನಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಶ್ರಾವಣ ಹಿಡಿದ ನಾಲ್ಕೇ ದಿನಗಳಲ್ಲಿ ಗಾಡಿ ಹಾನಗಲ್ಲಿನ ಹಳ್ಳಿಗಳನ್ನು ಸುತ್ತಿ, ಆಚೆ ಅಬಲೂರಿನ ತನಕ ಹೋಗಿ ಬಂದಿತ್ತು ಎಂಬುದು ಅವಳಿಗೆ ಅಲ್ಲಿಯೇ ನಿಂತವರಿಂದ ತಿಳಿಯಿತು. ಮುಂಜಾನೆ ತಂದ ಸೀರೆ ಎಲ್ಲಿಂದ ಬಂತು ಎಂಬುದೂ ತಿಳಿಯಿತು.

ಎಲ್ಲರಿಗಿಂತ ಮುಂದೆ ಭರಮವ್ವ ನಿಂತಿದ್ದಳು. ಸೆರಗಿನಲ್ಲಿ ಒಂದೇ ಒಂದು ಕಾಯಿ ಉಳಿದಿತ್ತು. "ಐದ ಸಲ ಕೆಂಪ ಬಂತು. ಈಗ ಕರೇದ ಬರಬೇಕು, ಎಲ್ಲಿಗಿ ಹೋಗತೈತಿ" ಎಂದು ಪಕ್ಕದವರಿಗೆ ಹೇಳುತ್ತಿದ್ದಳು. ಉಂಡಿಯ ಕಾಯಿಗಳನ್ನೆಲ್ಲ ಸ್ವಂತ ಮಗನೇ ಗೆದ್ದುಕೊಂಡು ಚೀಲಕ್ಕೆ ಹಾಕಿದ್ದ.

ವಿದ್ಯಾ ತಮ್ಮನನ್ನು ಬದಿಗೆ ಕರೆದಳು. ಅವನಿಗೆ ನಾಚಿಕೆ ಆಗಲಿಲ್ಲ, ಆಶ್ಚರ್ಯವಾಯಿತು. ಆಣೆ ಮಾಡಿದಂತೆ ತಾನು ಆಟ ಬಿಟ್ಟಿದ್ದೇನೆ, ಒಂದು ಪೈಸೆ ಪಣಕ್ಕಿಟ್ಟಿಲ್ಲ, ಹಡಗಿನ ಕಡೆ ತಲೆ ಹಾಕಿಲ್ಲ ಎಂದ. ಅದು ನಿಜ.

"ನಾ ಯಾರಿಗೂ ಮೋಸ ಮಾಡಿಲ್ಲಕ್ಕ. ಸುಮ್ನ ಕುಂತೇನಿ. ನೀನ ಹೇಳಿದ್ದು."

ಬಯ್ಯಲು ಬಾಯಿ ತೆರೆದರೆ ತನ್ನ ಪಾಠವೇ ಅಡ್ಡ ಬರುತ್ತಿತ್ತು. ಅವನಲ್ಲಿ ಒಂದು ತಪ್ಪನ್ನೂ ಹುಡುಕುವಂತಿರಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದಳು.

ಜನರಿಗಾದರೂ ಹೇಳೋಣ ಎಂದು ಗುಡಿಯ ಕಟ್ಟೆ ಹತ್ತಿದಳು. ಹಸಿರು ಮನೆ ತೋರಿಸಿ, ಹದಿನಾರಕ್ಕೆ ಒಂದರ ಲೆಕ್ಕ ಬಿಡಿಸಿ, ಸಂಜೆಯ ಹೊತ್ತಿಗೆ ಕಾಯಿಗಳೆಲ್ಲ ಯಾರ ಚೀಲದಲ್ಲಿರುತ್ತವೆ ಎಂದು ಹೇಳಿದಳು. ಶಾಲೆಯ ಅಕ್ಕೋರು ಎಂಬ ಮರ್ಯಾದೆಗೆ ಎಲ್ಲರೂ ಮಾತು ನಿಲ್ಲಿಸಿ ಕೇಳಿದರು. ಕೇಳಿದ ಮೇಲೆ ನಿಂಬೆಹಣ್ಣು ಎಸೆತದ ಹಳೆಯ ಹುಲಿ ಫಕ್ಕೀರಪ್ಪ ಬಹಳ ವಿನಯದಿಂದ ಎದ್ದು ನಿಂತ.

"ಅಕ್ಕೋರ, ಹಸರು ಬರೇ ಎರಡ ಅದಾವರಿ. ಎರಡಕ್ಕ ಹೆದರಿ ಮೂವತ್ತ ಬಿಟ್ಟ ಕುಂದ್ರೂದೇನ್ರಿ?"

ಎಲ್ಲರೂ ನಕ್ಕರು. ಭರಮವ್ವನೂ ನಕ್ಕಳು. ಚಕ್ರದ ಕಡೆಗೆ ಮತ್ತೆ ಕೈಗಳು ಚಾಚಿದವು.

ಆಗ ವಿದ್ಯಾ ಕಟ್ಟೆ ಇಳಿದು ಬಂದು, ಅವ್ವನ ಸೆರಗಿನಿಂದ ಆ ಕೊನೆಯ ಕಾಯಿ ತೆಗೆದುಕೊಂಡು ಗಾಡಿಯ ಮುಂದೆ ನಿಂತಳು. ಒಂದೇ ಒಂದು ಸಲ ತಿರುಗಿಸಬೇಕು. ತಾನು ಗೆದ್ದರೆ ಚಕ್ರ ತನಗೆ, ಅಂಬರೀಶ ಮತ್ತೆಂದೂ ಇಂಥದ್ದನ್ನು ಮುಟ್ಟಬಾರದು. ಸೋತರೆ ಪ್ರತಿ ವರ್ಷ ಪಂಚಮಿಗೆ ತಾನಾಗಿಯೇ ಬಸ್ಸಿನಲ್ಲಿ ಬಂದು, ಇದೇ ಗಾಡಿಯಲ್ಲಿ ಅವನ ಪಕ್ಕದಲ್ಲಿ ಕೂತು, ಬಾಯಿ ಮುಚ್ಚಿಕೊಂಡು ಗೆದ್ದ ಕಾಯಿ ಚೀಲಕ್ಕೆ ತುಂಬುತ್ತೇನೆ. ಹೀಗೆಂದು ಎಲ್ಲರ ಮುಂದೆ ಹೇಳಿದಳು.

ಅಂಬರೀಶನ ಮುಖ ಇಳಿಯಿತು. ಎರಡೆರಡು ಕಾಯಿ ಇಟ್ಟು ಆಡು ಅಕ್ಕ, ಇದೆಂಥ ಪಣ ಎಂದ.

"ಸಣ್ಣಸಣ್ಣದು ಸಾವಿರ ಸಲ ಆಡಿದ್ರ ನೀನ ಗೆಲ್ಲಾಂವ. ಎಲ್ಲಾ ಒಂದ ಸಲಕ್ಕ ಇಟ್ರ ಹೆಚ್ಚೂಕಮ್ಮಿ ಅರ್ಧಕ್ಕರ್ಧ" ಎಂದಳು ವಿದ್ಯಾ. "ಇದೊಂದು ನಾ ನಿನಗ ಹೇಳಿರ್ಲಿಲ್ಲ."

ಹದಿನೈದು ಮನೆ ಅವಳದು, ಹದಿನೇಳು ಅವನದು. ಆಗಲೂ ಅವನದೇ ಮೇಲುಗೈ. ಆದರೆ ಆಡಿಸುವವನಿಗೆ ಬೇಕಾದದ್ದು ನಾಳೆ, ನಾಡಿದ್ದು, ಮುಂದಿನ ಶ್ರಾವಣ. ಒಂದೇ ಸಲದ ಆಟದಲ್ಲಿ ಅವನೂ ಎಲ್ಲರಂಥ ಮನುಷ್ಯ. ಬೇಡವೆನ್ನಲು ಜನ ಬಿಡಲಿಲ್ಲ. ವಿದ್ಯಾ ಕಾಯಿಯನ್ನು ಕಪ್ಪಿನ ಮೇಲಿಟ್ಟಳು. ಚಕ್ರ ತಿರುಗಿತು. ಮೆಹಬೂಬ ಕೂಡ ಆ ಒಂದು ಸಲ ತಿರುಗಿ ನೋಡಿದ.

ಟಕ್ ಟಕ್ ಎನ್ನುತ್ತ ಚಕ್ರ ಕೆಂಪು ದಾಟಿತು, ಹಸಿರಿನ ಹೊಸ್ತಿಲಲ್ಲಿ ತಡೆಯಿತು, ಅದನ್ನೂ ದಾಟಿ ಕಪ್ಪಿನಲ್ಲಿ ನಿಂತಿತು.

ಊರು ಹೋ ಎಂದಿತು. ವಿದ್ಯಾಳಿಗೆ ಬದುಕಿನಲ್ಲಿ ಇಷ್ಟು ಸಂತೋಷ ಆಗಿಯೇ ಇಲ್ಲವೇನೋ ಎನಿಸಿತು. ಆ ಸಂತೋಷ ಫಕ್ಕೀರಪ್ಪ ಬಾಯಿ ತೆರೆಯುವ ತನಕ ಉಳಿಯಿತು. ನೋಡಿದಿರಾ, ಲೆಕ್ಕ ಬಲ್ಲವರು ಐದು ಕೆಂಪು ಆಗುವ ತನಕ ಕಾಯ್ದರು, ಆಮೇಲೆ ಕಪ್ಪಿಗೆ ಕೈ ಹಾಕಿದರು ಎಂದು ಅವನು ಸುತ್ತಲಿನವರಿಗೆ ವಿವರಿಸುತ್ತಿದ್ದ. ಇಷ್ಟು ಹೊತ್ತು ಹಸಿರು ಹಸಿರು ಎಂದದ್ದು ನಮ್ಮನ್ನು ದೂರ ಇಡಲು ಎಂದು ಇನ್ನೊಬ್ಬ ಕಣ್ಣು ಮಿಟುಕಿಸಿದ. ತಾನು ಹೇಳಿದ್ದು ನಿಜವಾಯಿತು ಎಂದು ಭರಮವ್ವ ಮಗಳ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಹಾಗಲ್ಲ, ಅದು ಅದೃಷ್ಟ, ಚಕ್ರಕ್ಕೆ ನೆನಪಿಲ್ಲ ಎಂದು ವಿದ್ಯಾ ಎಷ್ಟು ಹೇಳಿದರೂ ಜನ ತಿಳಿದವರಂತೆ ನಕ್ಕರು. ಸೋತಿದ್ದರೆ ಅವಳ ಪಾಠ ಗೆಲ್ಲುತ್ತಿತ್ತು. ಗೆದ್ದದ್ದರಿಂದ ತಡಸದಲ್ಲಿ ಇನ್ನು ಅದನ್ನು ಯಾರೂ ನಂಬುವ ಹಾಗಿಲ್ಲ.

ಮರುದಿನ ಅಂಬರೀಶ ಅವಳನ್ನು ಸವಣೂರಿಗೆ ಬಿಡಲು ಬಂದ. ಮಾತಿಗೆ ತಪ್ಪುವವನಲ್ಲ, ಚಕ್ರವನ್ನು ಹಲಗೆ ಸಮೇತ ತಾನೇ ಬಿಚ್ಚಿ ಅವಳ ತೊಡೆಯ ಮೇಲಿಟ್ಟಿದ್ದ. ಬಂಕಾಪುರ ದಾಟಿದ ಮೇಲೆ ಅವನು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದ.

"ಅಕ್ಕ, ಕರೇದಕ್ಕ ಯಾಕ ಹಿಡದಿ?"

ಕೆಂಪಾದರೂ ಹದಿನೈದು, ಕಪ್ಪಾದರೂ ಹದಿನೈದು, ಎರಡೂ ಒಂದೇ ಎಂದು ವಿದ್ಯಾ ಹೇಳಬಹುದಿತ್ತು. ಆದರೆ ಕಾಯಿ ಇಡುವ ಹೊತ್ತಿನಲ್ಲಿ ಕೆಂಪಿನ ಕಡೆ ಕೈ ಹೋಗಲೇ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕೆಂಪು ಐದು ಸಲ ಬಂದಾಗಿತ್ತು. ಅವಳು ತೊಡೆಯ ಮೇಲಿನ ಚಕ್ರಕ್ಕೆ ಸೆರಗು ಮುಚ್ಚಿದಳು.

ಮನೆ ಮುಟ್ಟಿದ ಮೇಲೆ ಅವನು ನೀರು ಕುಡಿದು, ಚೀಲ ಇಳಿಸಿ, ಹೊರಟು ನಿಂತ. ತೋಟದಲ್ಲಿ ಎಲೆ ಕಟ್ಟಿಟ್ಟಿದ್ದಾರೆ, ತುಂಬಿಕೊಂಡು ಗೋವಾಕ್ಕೆ ಹೋಗಬೇಕು ಎಂದ. ಬೇರೆ ಉದ್ಯೋಗ ಈಗ ಉಳಿದಿರಲಿಲ್ಲವಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನಿಂತು ಇನ್ನೊಂದು ಮಾತು ಕೇಳಿದ, ಪಾಠ ಒಪ್ಪಿಸುವ ಹುಡುಗನ ಶ್ರದ್ಧೆಯಿಂದ.

"ಎಲ್ಲಾ ಒಂದ ಸಲಕ್ಕ ಇಟ್ರ ಅರ್ಧಕ್ಕರ್ಧ ಅಂದಿ. ಹೌದಲ್ಲಕ್ಕ?"

"ಹೆಚ್ಚೂಕಮ್ಮಿ ಅಂದೇನಿ" ಎಂದಳು ವಿದ್ಯಾ. ಗಾಡಿ ಹೊರಟು ಹೋಯಿತು.

ಅವಳು ಕೂಡಲೇ ಫೋನು ಮಾಡಲಿಲ್ಲ. ಏನೆಂದು ಮಾಡುವುದು? ಆಟ ಬಿಡು ಎಂದು ಹೇಳಲು ಇನ್ನು ಅವಳ ಹತ್ತಿರ ಯಾವ ಪಾಠವೂ ಉಳಿದಿರಲಿಲ್ಲ. ಮುಂದಿನ ಪಂಚಮಿಗೆ ಕರೆಯಲು ಬರುತ್ತಾನೋ, ಕಟ್ಟೆಯ ಮೇಲೆ ಕೂತು ಬ್ಯಾಂಡಿನ ಸದ್ದು ಕೇಳಬೇಕೋ ಎಂದು ಯೋಚಿಸುತ್ತ ಚಕ್ರವನ್ನು ಹಿತ್ತಲಿನ ಗೋಡೆಯ ಮೊಳೆಗೆ ತೂಗುಹಾಕಿದಳು. ತಮ್ಮ ಎಲೆ ಇಳಿಸಿ, ಹಡಗು ಹತ್ತದೆ ನೆಟ್ಟಗೆ ಮನೆಗೆ ಬರುವುದಾದರೆ ಕಪ್ಪು ಬರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡು, ಆಚೀಚೆ ಯಾರೂ ಇಲ್ಲದ್ದು ನೋಡಿ, ಒಮ್ಮೆ ತಿರುಗಿಸಿದಳು.

ಕೆಂಪು ಬಂತು.

ಚಕ್ರಕ್ಕೆ ನೆನಪಿಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಇನ್ನೊಮ್ಮೆ ತಿರುಗಿಸಿದಳು.